ಮೈಲುತುತ್ತದ ಬಕೆಟ್, ಮೂರು ಟೆಂಡರ್ ಮತ್ತೆ ಕಾರವಾರದ ಉಪ್ಪುಗಾಳಿ: ನನ್ನ ಅನುಭವ

ಈ ಸಲ ಮೇ ಕೊನೇ ವಾರ ಮೊದಲ ಹನಿ ಬಿದ್ದ ರಾತ್ರಿ ಕರೆಂಟ್ ಹೋಯ್ತು ಅಂತ ನನ್ನ ಫೋನಿಗೆ ಬಂದಿದ್ದು ನಾಕೇ ನಾಕು ಕಾಲ್. ಕರಾವಳೀಲಿ ಕರೆಂಟ್ ಲೈನ್ ನೋಡ್ಕೊಂಡವ್ರಿಗೆ ಇದು ಎಂಥಾ ದೊಡ್ಡ ವಿಷಯ ಅಂತ ಬಿಡಿಸಿ ಹೇಳೋದು ಬೇಡ. ಘಟ್ಟದ ಮೇಲಿನವ್ರಿಗೆ ಮಾತ್ರ ಒಂದು ಮಾತು: ನಮ್ಮಲ್ಲಿ ಜುಲೈ ಜಡಿಮಳೆಗಿಂತ ಈ ಮೊದಲ ಜಿನುಗು ಮಳೆನೇ ಕೆಟ್ಟದ್ದು. ಆರು ತಿಂಗಳು ಕಂಬದಲ್ಲಿ ತಂತಿ ಹಿಡಿಯೋ ಇನ್ಸುಲೇಟರ್ ಮೇಲೆ ಉಪ್ಪು, ಧೂಳು ಪದರ ಪದರವಾಗಿ ಕೂತಿರ್ತದೆ, ಸಣ್ಣ ಹನಿ ಬಿದ್ದು ಅದು ನೆನೆದ ಕೂಡ್ಲೇ ಕರೆಂಟ್ ಹರಿಯೋಕೆ ದಾರಿ ಆಗಿ ಪಟಪಟ ಅಂತ ಫ್ಲ್ಯಾಶ್ ಆಗ್ತದೆ, ಫೀಡರ್ ಟ್ರಿಪ್, ಅಂದ್ರೆ ಇಡೀ ಲೈನಿಗೇ ಕರೆಂಟ್ ಬಂದ್. ಜೋರು ಮಳೆ ಬಂದ್ರೆ ಎಲ್ಲ ತೊಳ್ಕೊಂಡು ಹೋಗ್ತದೆ, ತೊಂದ್ರೆ ಇಲ್ಲ. 2021ರಲ್ಲಿ ಇದೇ ಮಾಜಾಳಿ, ದೇವಬಾಗ, ಬೈತಖೋಲ ಕಡೆ ಇಂಥದೇ ಒಂದು ರಾತ್ರಿ ನಲವತ್ತರ ಮೇಲೆ ಫಾಲ್ಟ್ ಬಂದಿತ್ತು, ಲೈನ್‌ಮನ್‌ಗಳು ಬೆಳಗಿನ ತನಕ ಕಂಬ ಹತ್ತಿ ಇಳಿದಿದ್ರು.

ನಲವತ್ತರಿಂದ ನಾಕಕ್ಕೆ ಇಳಿಸಿದ್ದು ನಮ್ಮ ಪರ್ಚೇಸ್ ಟೀಮು. ಇದನ್ನ ಹೆಮ್ಮೆಯಿಂದನೇ ಹೇಳ್ತೇನೆ. ಯಾಕಂದ್ರೆ ಉಪ್ಪುಗಾಳಿ ತಡೆಯೋ ಸಾಮಾನಿಗೆ ಬೇರೆ ಟೆಂಡರ್ ಶುರು ಮಾಡಿದಾಗ "ಇದು ಆಗೋ ಮಾತಲ್ಲ ಮೇಡಂ, ರೇಟ್ ಡಬಲ್ ಆಗ್ತದೆ, ಆಡಿಟ್ ಅಬ್ಜೆಕ್ಷನ್ ಬರ್ತದೆ, ಬಿಡ್ಡರ್‌ಗಳೇ ಬರಲ್ಲ" ಅಂತ ಹೇಳಿದವ್ರು ಒಬ್ರಲ್ಲ ಇಬ್ರಲ್ಲ. ಅವ್ರಲ್ಲಿ ಕೆಲವ್ರು ಈಗ ನಮ್ಮ ಟೆಂಡರ್ ಡಾಕ್ಯುಮೆಂಟ್ ಕಾಪಿ ಕೇಳ್ತಿದಾರೆ. ಕಾಪಿ ಕೊಟ್ಟಿದೇನೆ, ಆದ್ರೆ ಡಾಕ್ಯುಮೆಂಟ್ ಒಂದರಿಂದ ಕೆಲಸ ಆಗಲ್ಲ, ಅದರ ಹಿಂದೆ ಏನೇನು ಆಯ್ತು ಅನ್ನೋದು ಗೊತ್ತಿರ್ಲಿ ಅಂತ ಇದನ್ನ ಬರೀತಿದೇನೆ.

ನಾನು ಶಿರಸಿ ಕಡೆಯವಳು, ಅಡಿಕೆ ತೋಟದ ಮನೆ. ಕಾರವಾರಕ್ಕೆ ಬಂದು ಖರೀದಿ ಹೊಣೆ ತಗೊಂಡಿದ್ದು 2020ರ ಕೊನೆಗೆ. ಟೀಮ್ ಅಂದ್ರೆ ನಾನು, ಇಬ್ರು ಎಇಗಳು (ಅಸಿಸ್ಟೆಂಟ್ ಇಂಜಿನಿಯರ್), ಒಬ್ರು ಅಕೌಂಟ್ಸ್‌ನವ್ರು, ಒಬ್ರು ಸ್ಟೋರ್ ಕೀಪರ್, ಟೆಂಡರ್ ಪೋರ್ಟಲ್ ಕೆಲಸಕ್ಕೆ ಒಬ್ಬ ಹುಡುಗ. ಟಿಸಿ (ಟ್ರಾನ್ಸ್‌ಫಾರ್ಮರ್), ಮೀಟರ್, ಕೇಬಲ್ ಇಂಥ ದೊಡ್ಡ ಖರೀದಿ ಎಲ್ಲ ಹೆಡ್ ಆಫೀಸಿಂದ ಆಗ್ತದೆ, ನಮಗೆ ಬರೋದು ಮೇಂಟೆನೆನ್ಸ್ ಸಾಮಾನು: ಕ್ರಾಸ್ ಆರ್ಮ್ (ಕಂಬದ ಅಡ್ಡ ತೋಳು), ಇನ್ಸುಲೇಟರ್, ಕ್ಲಾಂಪು, ಬೋಲ್ಟು, ಸ್ಟೇ ಸೆಟ್ಟು (ಕಂಬ ವಾಲದ ಹಾಗೆ ನೆಲಕ್ಕೆ ಎಳೆದು ಕಟ್ಟೋದು), ಜಿಓಎಸ್ (ಕಂಬದ ಮೇಲಿನ ಸ್ವಿಚ್ಚು) ಬಿಡಿಭಾಗ. ವರ್ಷಕ್ಕೆ ಒಂದೂವರೆ ಕೋಟಿ ಆಸುಪಾಸು. ದೊಡ್ಡ ದುಡ್ಡೇನಲ್ಲ, ಆದ್ರೆ ರಾತ್ರಿ ಕರೆಂಟ್ ಹೋಗೋದು ಬಹಳ ಸಲ ಈ ಸಣ್ಣ ಸಾಮಾನಿನಿಂದನೇ.

ತೌಕ್ತೆ ಚಂಡಮಾರುತ ಬಂದು ಹೋದ ಮೇಲೆ, 2021 ಮೇ ತಿಂಗಳು, ಬಿದ್ದ ಕಂಬಗಳಿಂದ ಬಿಚ್ಚಿ ತಂದ ಹಾರ್ಡ್‌ವೇರ್ ಎಲ್ಲ ಸ್ಟೋರ್ ಅಂಗಳದಲ್ಲಿ ರಾಶಿ ಬಿದ್ದಿತ್ತು. ಒಂದು ಸಂಜೆ ಅದರ ಮುಂದೆ ನಿಂತು ನೋಡ್ತಾ ಇದ್ದೆ. ಮೂರು ವರ್ಷದ ಹಿಂದೆ ಹಾಕಿದ ವಿ ಕ್ರಾಸ್ ಆರ್ಮು, ಕೈಯಲ್ಲಿ ಉಜ್ಜಿದ್ರೆ ತುಕ್ಕು ಹಪ್ಪಳದ ಹಾಗೆ ಏಳ್ತಿತ್ತು. ಪಿಂಗಾಣಿ ಪಿನ್ ಇನ್ಸುಲೇಟರ್ ಒಳಗಡೆ ಪಿನ್ನು ತುಕ್ಕು ಹಿಡಿದು ಉಬ್ಬಿ ಪಿಂಗಾಣಿನೇ ಸೀಳಿತ್ತು. ಪಕ್ಕದಲ್ಲೇ ಹದಿನೈದು ಇಪ್ಪತ್ತು ವರ್ಷ ಹಳೇ ಕ್ರಾಸ್ ಆರ್ಮ್ ಒಂದಿತ್ತು, ಬೂದಿ ಬಣ್ಣ ಬಂದಿತ್ತು ಬಿಟ್ರೆ ಗಟ್ಟಿಮುಟ್ಟು. ಎರಡೂ ಕಾಗದದ ಮೇಲೆ ಒಂದೇ ಸ್ಪೆಸಿಫಿಕೇಶನ್! ಗದಗ, ಹಾವೇರಿ ಬಯಲಿಗೆ ಯಾವುದು ಹೋಗ್ತದೋ ಅದೇ ಸಾಮಾನು ಸಮುದ್ರದಿಂದ ಇನ್ನೂರು ಮೀಟರ್ ದೂರದ ಕಂಬಕ್ಕೂ ಬರ್ತಿತ್ತು, ಮತ್ತೆ ಬಂದ ಸಾಮಾನಲ್ಲಿ ಸತುವಿನ ಲೇಪ ಎಷ್ಟಿದೆ ಅಂತ ಇಲ್ಲಿ ಯಾರೂ ನೋಡ್ತಿರ್ಲಿಲ್ಲ. ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಷನ್ ಆಗಿದೆ, ಡಿಐ (ಸಾಮಾನು ಕಳಿಸೋಕೆ ಒಪ್ಪಿಗೆ) ಕೊಟ್ಟಿದಾರೆ, ಇಳಿಸ್ಕೊಳ್ಳಿ, ಎಂಟ್ರಿ ಮಾಡಿ, ಮುಗೀತು.

ಕರಾವಳಿಗೆ ಬೇರೆ ಶೆಡ್ಯೂಲ್ ಮಾಡಿ ಬೇರೆ ಟೆಂಡರ್ ಕರೀತೇನೆ ಅಂತ ನೋಟ್ ಹಾಕಿದೆ. ಅನುಮತಿ ಸಿಗೋಕೆ ಎಂಟು ತಿಂಗಳು ಬೇಕಾಯ್ತು. ಆ ಎಂಟು ತಿಂಗಳ ಕತೆ ಬಿಡುವಾ, ಫೈಲು ಹೇಗೆ ನಡೀತದೆ ಅಂತ ನಿಮಗೂ ಗೊತ್ತು.

ಮೊದಲ ಟೆಂಡರು ಪೂರಾ ನನ್ನ ತಪ್ಪಿಂದ ಬಿದ್ದು ಹೋಯ್ತು. ಇನ್ಸುಲೇಟರ್ ಕ್ರೀಪೇಜ್ (ಅದರ ಮೇಲ್ಮೈಯಲ್ಲಿ ಕರೆಂಟ್ ದಾಟಬೇಕಾದ ದಾರಿಯ ಉದ್ದ) ನಮ್ಮ ಸಾಮಾನ್ಯ ಪಟ್ಟಿಯಲ್ಲಿ 230 ಎಂಎಂ ಇತ್ತು, ನಾನು 11 ಕೆವಿ ಲೈನಿನ ಗರಿಷ್ಠ 12 ಕೆವಿಗೆ ಒಂದೊಂದು ಕೆವಿಗೂ 31 ಎಂಎಂ ಲೆಕ್ಕ ಹಾಕಿ 372 ಬರೆದೆ. ಲೆಕ್ಕ ಸರಿನೇ, ವಿಪರೀತ ಮಾಲಿನ್ಯದ ಜಾಗಕ್ಕೆ ಅಷ್ಟು ಬೇಕು. ಆದ್ರೆ 11 ಕೆವಿ ಪಾಲಿಮರ್ ಪಿನ್ನಿಗೆ 372 ಇದ್ದು, ಅದೇ ಡ್ರಾಯಿಂಗಿಗೆ ಟೈಪ್ ಟೆಸ್ಟ್ (ಆ ಮಾದರಿಯನ್ನೇ ಲ್ಯಾಬಲ್ಲಿ ಪರೀಕ್ಷಿಸಿದ) ರಿಪೋರ್ಟ್ ಐದು ವರ್ಷದೊಳಗಿಂದು ಇದ್ದವ್ರು ಎಷ್ಟು ಜನ ಇದಾರೆ ಅಂತ ಮಾರ್ಕೆಟ್ಟಲ್ಲಿ ಕೇಳಿಕೊಳ್ಳದೇ ಬರೆದುಬಿಟ್ಟಿದ್ದೆ. ಬಿಡ್ ಬಂದಿದ್ದು ಒಂದೇ, ಅದೂ ಎಸ್ಟಿಮೇಟಿಗಿಂತ ಮೂವತ್ತು ಪರ್ಸೆಂಟ್ ಮೇಲೆ. ಬಿಡ್ ಹಾಕೋ ಮೊದಲಿನ ಪ್ರೀ-ಬಿಡ್ ಮೀಟಿಂಗಲ್ಲೇ ಒಬ್ರು ಎದ್ದು ನಿಂತು "ಇದು ಯಾರಿಗೋ ಅಳತೆ ತೆಗೆದು ಹೊಲಿದ ಅಂಗಿ" ಅಂತ ಹೇಳಿದ್ರು, ನನಗೆ ಆ ಮಾತು ಬಹಳ ನಾಟ್ತು. ಯಾರಿಗೂ ಹೊಲಿದಿರ್ಲಿಲ್ಲ, ಆದ್ರೆ ನೋಡಿದವ್ರಿಗೆ ಹಾಗೇ ಕಾಣ್ತಿತ್ತು. ಟೆಂಡರ್ ರದ್ದು. ಆ ಮಳೆಗಾಲ ಹಳೇ ಸಾಮಾನಲ್ಲೇ ದೂಡಿದ್ವಿ.

ಆಮೇಲೆ ಸಿಕ್ಕಿದ ದಾರಿ ಬಹಳ ಸುಲಭದ್ದು, ಯಾಕೆ ಮೊದಲೇ ಹೊಳೀಲಿಲ್ಲ ಅಂತ ಈಗ್ಲೂ ಅನ್ನಿಸ್ತದೆ. ಸಮುದ್ರಕ್ಕೆ ತೀರಾ ಹತ್ತಿರದ ಕಂಬಗಳಿಗೆ 22 ಕೆವಿ ಕ್ಲಾಸ್ ಇನ್ಸುಲೇಟರನ್ನೇ ಕೊಡಬಹುದು ಅಂತ ಬರೆದೆ. ಅದು ಎಲ್ಲರ ಹತ್ರ ರೆಡಿ ಇರೋ ಸಾಮಾನು, ಟೈಪ್ ಟೆಸ್ಟ್ ಆಗಿರ್ತದೆ, ಕ್ರೀಪೇಜ್ ತಾನಾಗೇ ಬೇಕಾದಷ್ಟು ಸಿಗ್ತದೆ. ಒಳಗಡೆ ಊರುಗಳಿಗೆ 320 ಸಾಕು ಅಂತ ಮಾಡಿದೆ. ಯಾವ ಕಂಬಕ್ಕೆ ಯಾವುದು ಅಂತ ಲೈನ್‌ಮನ್‌ಗಳನ್ನ ಕೂರಿಸ್ಕೊಂಡು ಪಟ್ಟಿ ಮಾಡಿದ್ದು. ನಕ್ಷೆ ನೋಡಿ ಒಂದು ಕಿಲೋಮೀಟರ್, ಎರಡು ಕಿಲೋಮೀಟರ್ ಅಂತ ಗೆರೆ ಎಳೆದ್ರೆ ತಪ್ತದೆ, ಗುಡ್ಡದ ಮರೆಯಲ್ಲಿರೋ ಕಂಬ ಹತ್ರ ಇದ್ರೂ ಚೆನ್ನಾಗಿರ್ತದೆ, ಕಾಳಿ ಹೊಳೆ ಬಾಯಿಗೆ ಮುಖ ಮಾಡಿರೋದು ದೂರ ಇದ್ರೂ ಹಾಳಾಗ್ತದೆ. ಕೋಡಿಬಾಗದ ಒಬ್ಬ ಹಿರಿ ಲೈನ್‌ಮನ್ "ಮೇಡಮ್ರೇ, ಮನೆ ಕಿಟಕಿ ಸರಳು ನೋಡ್ಕಂಡು ಹೋಗಿ, ಯಾವ ಮನೆ ಸರಳು ಬೇಗ ತುಕ್ಕು ಹಿಡೀತದೋ ಆ ಮನೆ ಮುಂದಿನ ಕಂಬನೂ ಹಾಗೇ" ಅಂದ್ರು. ಹಾಗೇ ಮಾಡಿದ್ವಿ. ಸುಮಾರು 640 ಕಂಬ ಆಯ್ತು ತೀರಾ ಉಪ್ಪಿನ ಪಟ್ಟಿಯಲ್ಲಿ.

ಎರಡನೇ ಟೆಂಡರ್ 2022ರಲ್ಲಿ. ಐದು ಬಿಡ್, ಎರಡು ಕವರ್ ಸಿಸ್ಟಮ್ಮು (ಟೆಕ್ನಿಕಲ್ ಒಂದು, ರೇಟಿನದ್ದು ಒಂದು), ಟೆಕ್ನಿಕಲ್‌ನಲ್ಲಿ ನಾಕು ಪಾಸು. ಎಲ್1, ಅಂದ್ರೆ ಎಲ್ಲರಿಗಿಂತ ಕಮ್ಮಿ ರೇಟು, ಬಂದಿದ್ದು ಎಸ್ಟಿಮೇಟಿಗಿಂತ ಇಪ್ಪತ್ತೆರಡು ಪರ್ಸೆಂಟ್ ಕಮ್ಮಿ. ಆಫೀಸಲ್ಲಿ ಎಲ್ಲರಿಗೂ ಖುಷಿ, ನನಗೆ ಮಾತ್ರ ಹೊಟ್ಟೆಯಲ್ಲಿ ಕಲ್ಲು. ಸತುವಿನ ರೇಟ್ ಗೊತ್ತಿದ್ದವ್ರಿಗೆ ಆ ರೇಟಲ್ಲಿ 5 ಎಂಎಂ ದಪ್ಪದ ಕಬ್ಬಿಣಕ್ಕೆ ಚದರ ಮೀಟರಿಗೆ 610 ಗ್ರಾಂ, ಅಂದ್ರೆ ಹೆಚ್ಚುಕಮ್ಮಿ 86 ಮೈಕ್ರಾನ್ ಹಾಕೋಕೆ ಆಗಲ್ಲ ಅಂತ ಬರೀ ಕೈಲೆಕ್ಕದಲ್ಲೇ ಗೊತ್ತಾಗ್ತದೆ. ಆದ್ರೆ ಡಾಕ್ಯುಮೆಂಟಲ್ಲಿ ಬರೆದ ಮಾನದಂಡ ಬಿಟ್ಟು ಬೇರೆದ್ರಲ್ಲಿ ತೂಗೋ ಹಾಗಿಲ್ಲ, ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆ ಅಂದ್ರೆ ಅದೇ. ಆರ್ಡರ್ ಕೊಟ್ವಿ. ಫ್ಯಾಕ್ಟರಿ ಇನ್ಸ್‌ಪೆಕ್ಷನ್‌ಗೆ ನಮ್ಮ ಎಇ ಹೋಗಿ ಬಂದ, ಲೇಪದ ದಪ್ಪ ಅಳೆಯೋ ಗೇಜ್ ಇಟ್ಟಲ್ಲೆಲ್ಲ 90 ಮೈಕ್ರಾನಿನ ಮೇಲೆ, ಫೋಟೋ ಎಲ್ಲ ತಂದಿದ್ದ.

ಲಾರಿ ಬಂತು. ಆಗ ನನಗೆ ಅಪ್ಪಯ್ಯನ ಕತ್ತಿ ನೆನಪಾಯ್ತು.

ಶಿರಸಿ, ಸಿದ್ದಾಪುರ ಕಡೆಯವ್ರಿಗೆಲ್ಲ ಗೊತ್ತು, ಅಡಿಕೆ ಕೊಳೆರೋಗಕ್ಕೆ ಔಷಧಿ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೇಜಿ ಸುಣ್ಣ. ಹದ ಆಯ್ತೋ ಇಲ್ಲವೋ ಅಂತ ನೋಡೋಕೆ ಅಪ್ಪಯ್ಯ ಕತ್ತಿ ಅದ್ದಿ ಹಿಡೀತಿದ್ದ. ಕತ್ತಿ ಮೇಲೆ ತಾಮ್ರದ ಕೆಂಪು ಕೂತ್ರೆ "ಸುಣ್ಣ ಸಾಕಾಯ್ದಿಲ್ಲೆ ಕೂಸೇ, ಇನ್ನೊಂದು ಬೊಗಸೆ ಹಾಕು" ಹೇಳ್ತಿದ್ದ. ಮೈಲುತುತ್ತದ ಬಿಡಿ ನೀರು ಬರಿ ಕಬ್ಬಿಣ ಮುಟ್ಟಿದ್ರೆ ತಾಮ್ರ ಕೂರ್ತದೆ. ಗ್ಯಾಲ್ವನೈಸಿಂಗ್ (ಸತು ಲೇಪ) ಟೆಸ್ಟೂ ಅದೇ, ಇಂಜಿನಿಯರಿಂಗ್ ಓದುವಾಗ ಪ್ರೀಸ್ ಟೆಸ್ಟ್ ಅಂತ ಓದಿದ್ವಿ, ಭಾರತೀಯ ಸ್ಟ್ಯಾಂಡರ್ಡ್ ಐಎಸ್ 2633ರಲ್ಲಿ ಇದೆ. ಸತು ಇರೋ ತನಕ ತಾಮ್ರ ಕಪ್ಪು ಕೆಸರಿನ ಹಾಗೆ ಮೇಲೆ ಕೂತು ಒರೆಸಿದ್ರೆ ಹೋಗ್ತದೆ, ಸತು ತೀರಿ ಕಬ್ಬಿಣ ಬಂತು ಅಂದ ಕೂಡ್ಲೇ ಹೊಳೆಯೋ ಕೆಂಪು ಗಟ್ಟಿಯಾಗಿ ಅಂಟ್ಕೊಳ್ತದೆ, ಉಜ್ಜಿದ್ರೂ ಹೋಗಲ್ಲ. ಒಂದೊಂದು ನಿಮಿಷದ ನಾಕು ಮುಳುಗು, ಪ್ರತಿ ಸಲ ತೊಳೆದು ಒರೆಸೋದು.

ಮನೆಯಿಂದ ಎರಡು ಕೇಜಿ ಮೈಲುತುತ್ತ ತರಿಸಿದೆ. ಸ್ಟೋರ್ ಶೆಡ್ಡಲ್ಲಿ ನೀಲಿ ಪ್ಲಾಸ್ಟಿಕ್ ಬಕೆಟ್, ನೂರು ಎಂಎಲ್‌ಗೆ 36 ಗ್ರಾಂ ಲೆಕ್ಕದಲ್ಲಿ ಕರಗಿಸಿದ್ದು. ಕ್ರಾಸ್ ಆರ್ಮ್ ತುಂಡು ಕಟ್ ಮಾಡಿ ಮುಳುಗಿಸಿದ್ವಿ. ಮೊದಲ ಮುಳುಗಿಗೆ ಕಪ್ಪು, ಒರೆಸಿದ್ವಿ, ಹೋಯ್ತು. ಎರಡನೇ ಮುಳುಗು, ಸ್ಟೋರ್ ಕೀಪರ್ ವಾಚ್ ಹಿಡ್ಕೊಂಡು ನಿಂತಿದಾರೆ, ತೆಗೆದು ತೊಳೆದು ಬಟ್ಟೆಯಲ್ಲಿ ಒರೆಸಿದ್ರೆ ಮೂಲೆಯಿಂದ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪು! ಉಗುರಲ್ಲಿ ಕೆರೆದೆ, ಹೋಗ್ಲಿಲ್ಲ. ಮತ್ತೆ ಏಳೆಂಟು ತುಂಡು ಹಾಗೇ. ಆವತ್ತು ಆ ಶೆಡ್ಡಲ್ಲಿ ಇದ್ದ ಹಮಾಲರಿಗೂ ಅರ್ಥ ಆಯ್ತು, ಯಾರಿಗೂ ವಿವರಿಸೋದೇ ಬೇಕಾಗ್ಲಿಲ್ಲ.

ರಿಜೆಕ್ಟ್ ಅಂತ ಪತ್ರ ಕಳಿಸಿದೆ. ಇಲ್ಲಿಂದ ನನ್ನ ಎರಡನೇ ದೊಡ್ಡ ಸೋಲು ಶುರು. ಸಪ್ಲೈಯರ್ ಕಡೆಯವ್ರು ಬಂದವ್ರು ಬಹಳ ತಯಾರಾಗಿ ಬಂದಿದ್ರು. ಒಂದು, ಕೃಷಿಗೆ ಬರೋ ಮೈಲುತುತ್ತ ಲ್ಯಾಬ್ ಗ್ರೇಡ್ ಅಲ್ಲ, ಅದರಲ್ಲಿ ಆಮ್ಲ ಇರ್ತದೆ, ನ್ಯೂಟ್ರಲ್ ಮಾಡಿಲ್ಲ, ಸತುವನ್ನ ಬೇಗ ತಿನ್ನುತ್ತೆ. ಎರಡು, ದ್ರಾವಣ ಹದಿನೆಂಟು ಡಿಗ್ರಿ ಆಸುಪಾಸು ಇರ್ಬೇಕು, ನಿಮ್ಮ ಶೆಡ್ಡಲ್ಲಿ ಮೂವತ್ಮೂರು. ಮೂರು, ನೀವು ಬೋಲ್ಟನ್ನೂ ಕ್ರಾಸ್ ಆರ್ಮಿನ ಲೆಕ್ಕದಲ್ಲೇ ಮುಳುಗಿಸಿದೀರಿ, ಥ್ರೆಡ್ ಇರೋ ಸಾಮಾನಿಗೆ ಲೇಪ ತೆಳುವೇ ಇರ್ತದೆ, ಅದಕ್ಕೆ ಬೇರೆ ಸ್ಟ್ಯಾಂಡರ್ಡ್. ನಾಕು, ಟೆಂಡರ್ ಡಾಕ್ಯುಮೆಂಟಲ್ಲಿ ಸ್ಟೋರಲ್ಲಿ ಟೆಸ್ಟ್ ಮಾಡ್ತೇವೆ ಅಂತ ಎಲ್ಲಿದೆ? ನಾಕೂ ಸರಿ. ಬೋಲ್ಟಿನ ರಿಜೆಕ್ಷನ್ ವಾಪಸ್ ತಗೊಂಡೆ. ಕ್ರಾಸ್ ಆರ್ಮ್ ಸ್ಯಾಂಪಲ್ ಎನ್‌ಎಬಿಎಲ್ ಮಾನ್ಯತೆ ಇರೋ ಹೊರಗಿನ ಲ್ಯಾಬಿಗೆ ಹೋಯ್ತು, 58ರಿಂದ 64 ಮೈಕ್ರಾನ್ ಅಂತ ಬಂತು, ಅವ್ರು ಅರ್ಧ ಸಾಮಾನು ಬದಲಾಯಿಸಿ ಕೊಟ್ರು, ಇನ್ನರ್ಧಕ್ಕೆ ಜಗಳ ಒಂದು ವರ್ಷ ನಡೀತು. ಅಷ್ಟರಲ್ಲಿ ಮತ್ತೊಂದು ಮಳೆಗಾಲ. ಸ್ಟಾಕ್ ಇಲ್ಲದೆ ಘಟ್ಟದ ಮೇಲಿಂದ ಸಾಲ ತಂದು ಹಾಕಿದ್ವಿ. ಆ ಜೂನ್ ತಿಂಗಳು ನನ್ನ ಜೀವನದಲ್ಲೇ ಬೇಡ.

ಆದ್ರೆ ಅವ್ರು ಎತ್ತಿದ ನಾಕು ಆಕ್ಷೇಪಣೆನೇ ನನ್ನ ಮೂರನೇ ಟೆಂಡರಿನ ನಾಕು ಷರತ್ತು ಆಯ್ತು. ಸಾಮಾನು ಕಾರವಾರ ಸ್ಟೋರಿಗೆ ಬಂದ ಮೇಲೆ ಎರಡೂ ಕಡೆಯವ್ರ ಎದುರು ಸ್ಯಾಂಪಲ್ ತೆಗೆಯೋದು, ಅಲ್ಲೇ ಮೈಲುತುತ್ತದ ಸ್ಕ್ರೀನಿಂಗ್, ಫೇಲಾದ್ರೆ ಸೀಲ್ ಮಾಡಿದ ಸ್ಯಾಂಪಲ್ ಎನ್‌ಎಬಿಎಲ್ ಲ್ಯಾಬಿಗೆ, ಲ್ಯಾಬಲ್ಲೂ ಫೇಲಾದ್ರೆ ಇಡೀ ಲಾಟ್ ವಾಪಸ್, ಲ್ಯಾಬ್ ಫೀಸು ಲಾರಿ ಬಾಡಿಗೆ ಅವ್ರದ್ದು. ಬೋಲ್ಟ್ ನಟ್ಟಿಗೆ ಅದರದ್ದೇ ಸ್ಟ್ಯಾಂಡರ್ಡ್ ಬೇರೆ ಸಾಲಲ್ಲಿ. ಕೆಮಿಕಲ್ ಹುಬ್ಬಳ್ಳಿಯಿಂದ ಲ್ಯಾಬ್ ಗ್ರೇಡ್ ತರಿಸಿದ್ವಿ, ನ್ಯೂಟ್ರಲ್ ಮಾಡಿ ಒಂದೆರಡು ದಿನ ತಿಳಿಯೋಕೆ ಬಿಟ್ಟು ಸೋಸೋದು. ಟೆಂಪರೇಚರಿಗೆ ಏನು ಮಾಡೋದು ಅಂತ ಯೋಚನೆ ಇತ್ತು, ಸ್ಟೋರ್ ಶೆಡ್ಡಿಗೆ ಎಸಿ ಹಾಕಿಸ್ತೇವೆ ಅಂದ್ರೆ ಯಾರು ಕೊಡ್ತಾರೆ? ಬೈತಖೋಲ ಬಂದರಲ್ಲಿ ಮೀನಿಗೆ ಹಾಕೋ ಐಸ್ ಸಿಗ್ತದಲ್ಲ, ಅರ್ಧ ಬ್ಲಾಕ್ ತಂದು ದೊಡ್ಡ ಟಬ್ಬಲ್ಲಿ ಹಾಕಿ ಅದರ ಮಧ್ಯ ದ್ರಾವಣದ ಬಕೆಟ್ ಇಟ್ರೆ ಥರ್ಮಾಮೀಟರ್ ಹದಿನೆಂಟಕ್ಕೆ ನಿಲ್ತದೆ. ಒಂದು ಸಲದ ಖರ್ಚು ನೂರು ರೂಪಾಯಿ ಒಳಗೆ. ಜೊತೆಗೆ ಒಂದು ಕೋಟಿಂಗ್ ಗೇಜ್ ತಗೊಂಡ್ವಿ, ನೆನಪಿದ್ದ ಹಾಗೆ ಮೂವತ್ತೈದು ಸಾವಿರ ಚಿಲ್ಲರೆ.

ಲಾಟಿನಲ್ಲಿ ಯಾವ ಬಂಡಲ್ಲಿಂದ, ಬಂಡಲ್ಲಿನ ಯಾವ ಜಾಗದಿಂದ ಸ್ಯಾಂಪಲ್ ಎತ್ತಬೇಕು ಅನ್ನೋದಕ್ಕೆ ನಮ್ಮ ಸ್ಟೋರ್ ಕೀಪರ್ ಒಂದು ಕ್ರಮ ಕಂಡ್ಕೊಂಡಿದಾರೆ, ಅದು ಬಹಳ ಕೆಲಸ ಮಾಡ್ತದೆ. ಅದನ್ನ ಇಲ್ಲಿ ಬರೆಯಲ್ಲ, ಓದೋರಲ್ಲಿ ಸಪ್ಲೈಯರ್‌ಗಳೂ ಇರ್ತಾರೆ. ನಮ್ಮ ಇಲಾಖೆಯವ್ರು ಯಾರಾದ್ರೂ ಸ್ಟೋರಿಗೆ ಬಂದ್ರೆ ತೋರಿಸ್ತೇನೆ.

ಇನ್ನು ದುಡ್ಡಿನ ವಿಷಯ, ನನ್ನ ಪ್ರಕಾರ ಇಡೀ ಕತೆಯಲ್ಲಿ ದೊಡ್ಡದು ಇದೇ. ಇಷ್ಟು ಬಿಗಿ ಷರತ್ತು ಹಾಕಿದ್ರೆ ರೇಟ್ ಏರ್ತದೆ ಅನ್ನೋದು ಸಾಮಾನ್ಯ ಲೆಕ್ಕ. ನಾನು ಒಂದಿಬ್ರು ಸಣ್ಣ ತಯಾರಕರನ್ನ ಪ್ರೀ-ಬಿಡ್ ಆದ ಮೇಲೆ ಎಲ್ಲರ ಎದುರೇ ಕೇಳಿದೆ, ಕ್ವಾಲಿಟಿ ಕೊಡೋಕೆ ಏನು ಅಡ್ಡಿ ಅಂತ. ಒಬ್ರು ಹೇಳಿದ್ರು, "ಮೇಡಂ, ಸತುವಿಗೆ ನಾನು ಸೇರಿಸೋದು ಐದು ಆರು ಪರ್ಸೆಂಟು. ನಿಮ್ಮ ಬಿಲ್ ಯಾವಾಗ ಬರ್ತದೋ ಅಂತ ಸೇರಿಸೋದು ಹನ್ನೆರಡು." ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮಾರನೇ ವಾರ ಹಳೇ ಬಿಲ್ಲುಗಳು ಹನ್ನೊಂದು ತೆಗೆದು ಕೂತೆ, ಅಕೌಂಟ್ಸ್‌ನವ್ರೂ ಕೂತ್ರು. ಒಂದೊಂದು ಬಿಲ್ಲಿನ ಹಿಂದೆ ಸೀಲು, ಇನ್‌ವರ್ಡ್ ತಾರೀಖು ನೋಡ್ತಾ ಬರೆದ್ವಿ. ಒಂದು ಬಿಲ್ಲು 143 ದಿನ ತಿರುಗಿತ್ತು. ಅದರಲ್ಲಿ ಸಹಿಗೆ ಅಂತ ಟೇಬಲ್ ಮೇಲೆ ಕೂತಿದ್ದು ಒಟ್ಟು ಒಂಬತ್ತು ದಿನ. ಉಳಿದಿದ್ದೆಲ್ಲ ಟೆಸ್ಟ್ ಸರ್ಟಿಫಿಕೇಟ್ ಒಂದು ಹಾಳೆ ಇಲ್ಲ, ಇನ್‌ವಾಯ್ಸಲ್ಲಿ ಜಿಎಸ್‌ಟಿ ನಂಬರ್ ತಪ್ಪು, ಗ್ಯಾರಂಟಿ ಪತ್ರ ಬಂದಿಲ್ಲ, ಬಜೆಟ್ ಹೆಡ್ ಯಾವುದು ಅಂತ ಕ್ವೆರಿ, ವಾಪಸ್, ಮತ್ತೆ ಇನ್‌ವರ್ಡ್. ಅಂದ್ರೆ ಯಾರೂ ಬೇಕಂತ ತಡ ಮಾಡಿದ್ದಲ್ಲ, ಲಾರಿ ಇಳಿಯೋ ದಿನ ಒಬ್ರು ಕಾಗದ ನೋಡಿದ್ರೆ ಸಾಕಿತ್ತು. ಹಾಗಾಗಿ ನಾವು ಮಾಡಿದ್ದು ಇಷ್ಟೇ: ಟೆಂಡರ್ ಕರೆಯೋ ಮೊದಲೇ ಬಜೆಟ್ ಹೆಡ್‌ನಲ್ಲಿ ದುಡ್ಡು ಬ್ಲಾಕ್ ಮಾಡಿಸೋದು, ಸ್ಯಾಂಪಲ್ ಟೆಸ್ಟ್ ದಿನವೇ ಅಕೌಂಟ್ಸ್‌ನವ್ರು ಸ್ಟೋರಿಗೆ ಬಂದು ಬಿಲ್ಲಿನ ಕಾಗದ ಚೆಕ್ ಮಾಡೋದು, ಕಮ್ಮಿ ಇದ್ರೆ ಅಲ್ಲೇ ಹೇಳೋದು. ಟೆಸ್ಟ್ ಪಾಸಾದ ಮೂವತ್ತು ದಿನದಲ್ಲಿ ಹಣ ಅಂತ ಡಾಕ್ಯುಮೆಂಟಲ್ಲಿ ಬರೆದ್ವಿ.

ಇದಕ್ಕೆ ಒಳಗಡೆ ವಿರೋಧ ಜಾಸ್ತಿ ಇತ್ತು. "ಬರೆದು ಕೊಟ್ರೆ ನಾಳೆ ಕೋರ್ಟಿಗೆ ಹೋಗ್ತಾರೆ" ಅಂದ್ರು. ನಾನು ಎಂಎಸ್‌ಎಂಇ ಕಾಯ್ದೆ ತೆಗೆದು ಇಟ್ಟೆ, ಸಣ್ಣ ಉದ್ಯಮದವ್ರಿಗೆ ಹೇಗಿದ್ರೂ 45 ದಿನದೊಳಗೆ ಕೊಡಲೇಬೇಕು, ತಪ್ಪಿದ್ರೆ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ನಾವು ಬರೀದಿದ್ರೂ ಆ ಹೊರೆ ನಮ್ಮ ಮೇಲೆ ಇದ್ದೇ ಇದೆ ಅಂತ ತೋರಿಸಿದ ಮೇಲೆ ಸಹಿ ಬಿತ್ತು.

ಮಧ್ಯದಲ್ಲಿ ಕೆಲವು ಪ್ರಯೋಗ ಮಾಡಿದ್ವಿ, ಅದನ್ನೂ ಹೇಳ್ಬೇಕು, ಬೇರೆಯವ್ರು ದುಡ್ಡು ಹಾಳು ಮಾಡೋದು ಬೇಡ. ಮೀನುಗಾರರು ಮರದ ದೋಣಿಗೆ ಗೇರೆಣ್ಣೆ ಬಳೀತಾರಲ್ಲ, ಅದನ್ನ ಬೋಲ್ಟ್ ತಲೆಗೆ, ಕ್ಲಾಂಪಿಗೆ ಬಳಿದ್ರೆ ಹೇಗೆ ಅಂತ ಹತ್ತು ಕಂಬಕ್ಕೆ ಮಾಡಿ ನೋಡಿದ್ವಿ. ತುಕ್ಕು ಕಮ್ಮಿ ಆಗಿದ್ದು ನಿಜ, ಆದ್ರೆ ಬಿಚ್ಚೋಕೆ ಹೋದ ಪವರ್‌ಮನ್ ಇಬ್ರ ಕೈ ಗುಳ್ಳೆ ಎದ್ದು ಒಂದು ವಾರ ರಜೆ. ನಿಲ್ಲಿಸಿಬಿಟ್ವಿ, ಅವ್ರಿಗೆ ನಾನೇ ಹೋಗಿ ಕ್ಷಮೆ ಕೇಳಿ ಬಂದೆ. ಹಳೇ ಪಿಂಗಾಣಿ ಮೇಲೆ ಸಿಲಿಕೋನ್ ಗ್ರೀಸ್ ಹಚ್ಚಿದ್ದು ಮಾಜಾಳಿಯಲ್ಲಿ ಇಪ್ಪತ್ತು ಕಂಬಕ್ಕೆ, ಒಂದು ಸೀಸನ್ ಬಹಳ ಚೆನ್ನಾಗಿತ್ತು, ಎರಡನೇ ವರ್ಷ ಧೂಳು ಹಿಡಿದು ಮೊದಲಿಗಿಂತ ಕೆಟ್ಟದು. ವರ್ಷ ವರ್ಷ ಒರೆಸಿ ಹಚ್ಚೋಕೆ ಜನ ಇದ್ದವ್ರು ಮಾಡಬಹುದು, ನಮ್ಮಲ್ಲಿ ಜನ ಇಲ್ಲ. ದೋಣಿಗೆ ಹೊಡೆಯೋ ಎಪಾಕ್ಸಿ ಪೇಂಟ್ ಟಿಸಿ ಟ್ಯಾಂಕಿಗೆ ಹೊಡೆದಿದ್ದು ಮಾತ್ರ ನಿಂತಿದೆ, ರೇಡಿಯೇಟರ್ ಸಂದಿಯಲ್ಲಿ ಬ್ರಶ್ ಹೋಗಲ್ಲ, ಅಲ್ಲಿ ತುಕ್ಕು ಬರ್ತಾ ಇದೆ.

ನನಗೆ ಪ್ರೀತಿಯ ಪ್ರಯೋಗ ಅಂದ್ರೆ ಹಗ್ಗದ್ದು. ಸಮುದ್ರಕ್ಕೆ ಮುಖ ಮಾಡಿರೋ ನಮ್ಮ ಒಂದು ಕಟ್ಟಡದ ತಾರಸಿ ಮೇಲೆ ನೈಲಾನ್ ಹಗ್ಗ ಕಟ್ಟಿ ನಾಕು ಕಡೆಯಿಂದ ಬಂದ ಬೋಲ್ಟು, ಕ್ಲಾಂಪು, ಕ್ರಾಸ್ ಆರ್ಮ್ ತುಂಡು ಎಲ್ಲ ಚೀಟಿ ಕಟ್ಟಿ ನೇತು ಹಾಕಿದ್ವಿ, ಒಣಮೀನು ಹಾಕಿದ ಹಾಗೆ. ಪ್ರತಿ ತಿಂಗಳು ಒಂದನೇ ತಾರೀಖು ಫೋಟೋ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯೋದ್ರೊಳಗೆ ಯಾವುದು ಏನು ಅಂತ ಕಣ್ಣಿಗೆ ಕಾಣ್ತಿತ್ತು. 60 ಮೈಕ್ರಾನಿನದ್ದು ಕಟ್ ಮಾಡಿದ ಅಂಚಿಂದ ಬಿಳಿ ಪುಡಿ ಬಿಟ್ಟು ಆಮೇಲೆ ಕೆಂಪಗಾಯ್ತು, 86ರ ಮೇಲಿದ್ದು ಬೂದಿ ಬಣ್ಣಕ್ಕೆ ತಿರುಗಿ ಹಾಗೇ ನಿಂತಿದೆ. ಆ ಹಗ್ಗದ ಫೋಟೋ ನಾನು ಮೂರನೇ ಪ್ರೀ-ಬಿಡ್‌ನಲ್ಲಿ ಪರದೆ ಮೇಲೆ ತೋರಿಸಿದೆ, ಹೆಸರು ಮುಚ್ಚಿ. ಜೊತೆಗೆ ಆ ವರ್ಷ ನಾವು ಯಾವ ಬಿಲ್ಲು ಎಷ್ಟು ದಿನದಲ್ಲಿ ಪಾಸ್ ಮಾಡಿದೀವಿ ಅಂತ ಒಂದು ಪಟ್ಟಿ. ಕೋಣೆಯಲ್ಲಿ ಮಾತು ನಿಂತುಹೋಯ್ತು.

2023ರ ಕೊನೆಗೆ ಮೂರನೇ ಟೆಂಡರ್, ಆಗ ರಾಜ್ಯ ಸರ್ಕಾರದ ಹೊಸ ಕೆಪಿಪಿಪಿ ಟೆಂಡರ್ ಪೋರ್ಟಲ್ಲು. ಬಿಡ್ ಏಳು. ಟೆಕ್ನಿಕಲ್‌ನಲ್ಲಿ ಎರಡು ಬಿತ್ತು, ಅದರಲ್ಲಿ ಒಬ್ರು ಕೊಟ್ಟ ಟೈಪ್ ಟೆಸ್ಟ್ ರಿಪೋರ್ಟು ಬೇರೇ ಡ್ರಾಯಿಂಗಿಂದು, ಅವ್ರು ಕೆಟಿಪಿಪಿ ಕಾಯ್ದೆ ಸೆಕ್ಷನ್ 16ರಲ್ಲಿ ಅಪೀಲ್ ಹೋದ್ರು. ಎರಡು ತಿಂಗಳು ಹೋಯ್ತು, ಆದ್ರೆ ಡ್ರಾಯಿಂಗ್ ನಂಬರ್ ಪಕ್ಕ ಪಕ್ಕ ಇಟ್ಟು ಸ್ಕ್ರೂಟಿನಿ ನೋಟ್ ಬರೆದಿದ್ವಿ, ನಮ್ಮ ತೀರ್ಮಾನ ನಿಂತ್ಕೊಳ್ತು. ಸ್ಕ್ರೂಟಿನಿ ನೋಟಲ್ಲಿ ಪ್ರತಿ ಬಿಡ್ಡರ್‌ಗೆ ಒಂದೇ ಪ್ರಶ್ನೆ ಒಂದೇ ಕ್ರಮದಲ್ಲಿ ಕೇಳಿ ಉತ್ತರ ಬರೀರಿ, ಅರ್ಧ ತಲೆನೋವು ಅಲ್ಲೇ ಹೋಗ್ತದೆ. ಎಲ್1 ಬಂದಿದ್ದು ಎಸ್ಟಿಮೇಟಿಗಿಂತ ನಾಕು ಪರ್ಸೆಂಟ್ ಕಮ್ಮಿ. ಎಸ್ಟಿಮೇಟೇ ಪೂರ್ತಿ ಸತು ಹಿಡಿದು ಮಾಡಿದ್ದು, ಹಾಗಾಗಿ ಈ ಸಲ ಕಮ್ಮಿ ಬಂದಿದ್ದಕ್ಕೆ ಭಯ ಇರ್ಲಿಲ್ಲ. "ಡಬಲ್ ಆಗ್ತದೆ" ಅಂದವ್ರಿಗೆ ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಕಾಪಿ ನಾನೇ ಹೋಗಿ ಕೊಟ್ಟು ಬಂದೆ.

ಸಾಮಾನು ಬಂತು, ಐಸ್ ತರಿಸಿದ್ವಿ, ಸಪ್ಲೈಯರ್ ಕಡೆಯವ್ರೇ ವಾಚ್ ಹಿಡಿದ್ರು. ಮೂರು, ನಾಕು, ಐದನೇ ಮುಳುಗಿಗೂ ಕೆಂಪಿಲ್ಲ. ಇಪ್ಪತ್ತಾರನೇ ದಿನಕ್ಕೆ ದುಡ್ಡು ಹೋಯ್ತು. ಅವ್ರು ಫೋನ್ ಮಾಡಿ ಬ್ಯಾಂಕಿನವ್ರು ತಪ್ಪಿ ಹಾಕಿದಾರಾ ಅಂತ ಕೇಳಿದ್ರು.

ಅಲ್ಲಿಗೆ ಎಲ್ಲ ಸರಿ ಆಯ್ತು ಅಂತಲ್ಲ. ಪಾಲಿಮರ್ ಇನ್ಸುಲೇಟರ್ ಮೊದಲ ಲಾಟು ಸ್ಟೋರಲ್ಲಿ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟಿದ್ವಿ, ಇಲಿ ಕಚ್ಚಿ ಇನ್ಸುಲೇಟರಿನ ಕೊಡೆಯಂಥ ಅಂಚೆಲ್ಲ ತಿಂದು ಹಾಕಿತ್ತು, ಸುಮಾರು 70 ಪೀಸು, ಹದಿನೆಂಟು ಇಪ್ಪತ್ತು ಸಾವಿರ ನೀರು ಪಾಲು. ಪಿಂಗಾಣಿಯನ್ನ ಇಲಿ ಮುಟ್ಟಲ್ಲ, ನಮಗೆ ಈ ಯೋಚನೆನೇ ಬಂದಿರ್ಲಿಲ್ಲ. ಈಗ ತಗಡಿನ ಡಬ್ಬ, ಮೇಲೆ ಜಾಳಿಗೆ. ಪಾಲಿಮರ್ ತಗೊಳ್ಳೋರು ಡೆಲಿವರಿ ಮೊದಲು ಸ್ಟೋರ್ ನೋಡ್ಕೊಳ್ಳಿ.

ಸಾಮಾನನ್ನ ಒಂದೇ ಕಡೆ ಇಳಿಸದೆ ಕಾರವಾರ, ಕುಮಟಾ ಎರಡು ಕಡೆ ಇಳಿಸಿ, ಕಾಳಿ ಆಚೆ ಸದಾಶಿವಗಡದಲ್ಲೂ ಸ್ವಲ್ಪ ಇಡಿಸ್ಬೇಕು ಅಂತ ಡೆಲಿವರಿ ಶೆಡ್ಯೂಲ್ ಬರೆದಿದ್ದೆ. ಸಾಗಾಟ ಖರ್ಚು ಜಾಸ್ತಿ ಅಂತ ಅದಕ್ಕೂ ಮಾತು ಬಂದಿತ್ತು. 2024 ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಜೀವಗಳು ಹೋದ್ವು, ಹೆದ್ದಾರಿ ಬಂದ್. ಆಗಸ್ಟ್ 7ಕ್ಕೆ ಕಾಳಿ ಹಳೇ ಸೇತುವೆ ಬಿತ್ತು. ಗಂಗಾವಳಿ ಹೊಳೆ ಆಚೆ ಒಂದು ಸ್ಟೋರು, ಈಚೆ ಒಂದು ಸ್ಟೋರು ಇಲ್ಲದೇ ಇದ್ರೆ ಒಂದು ಕ್ರಾಸ್ ಆರ್ಮಿಗೆ ಲಾರಿ ಘಟ್ಟ ಹತ್ತಿ ಸುತ್ತಿ ಬರ್ಬೇಕಿತ್ತು. ಆ ದಿನಗಳಲ್ಲಿ ನಮ್ಮ ಹುಡುಗ್ರು ಮಾಡಿದ ಕೆಲಸ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅಂತದೆ. ಸಾಮಾನಿಲ್ಲ ಅಂತ ಒಬ್ರೂ ಕಾಯ್ಲಿಲ್ಲ, ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಲೆಕ್ಕ ಕೇಳೋರಿಗೆ, ಬಾಯಿಲೆಕ್ಕ ಇಷ್ಟು: ಮೊದಲು ಆ 640 ಕಂಬದಲ್ಲಿ ವರ್ಷಕ್ಕೆ ನೂರಾ ಐವತ್ತರ ಹತ್ರ ಕ್ರಾಸ್ ಆರ್ಮ್ ಬದಲಾಯಿಸ್ತಿದ್ವಿ, ಈಗ ಹೋದ ವರ್ಷ ಹನ್ನೆರಡೋ ಹದಿಮೂರೋ. ಕ್ರಾಸ್ ಆರ್ಮ್ ರೇಟಿಗಿಂತ ಅದನ್ನ ಬದಲಾಯಿಸೋ ಕೂಲಿ, ಲೈನ್ ಕ್ಲಿಯರ್ ತಗೊಂಡು ನಿಲ್ಲಿಸಿದ ಕರೆಂಟು, ಅದೇ ಜಾಸ್ತಿ ಬೀಳ್ತದೆ, ಎಸ್ಟಿಮೇಟ್ ಮಾಡುವಾಗ ಅದನ್ನ ಯಾರೂ ಹಿಡಿಯಲ್ಲ.

ಇನ್ನೂ ಬಗ್ಗದೇ ಇರೋದು ಸ್ಟೇ ಸೆಟ್ಟು. ದೇವಬಾಗದ ಮರಳಲ್ಲಿ ಹೂತ ಸ್ಟೇ ರಾಡು ಮೇಲಿಂದ ನೋಡಿದ್ರೆ ಚಂದ ಇರ್ತದೆ, ಮರಳಿನ ಮಟ್ಟಕ್ಕೆ ಒಂದು ಗೇಣು ಕೆಳಗೆ ಅಗೆದು ನೋಡಿದ್ರೆ ಪೆನ್ಸಿಲಿನಷ್ಟು ಸಣ್ಣ ಆಗಿರ್ತದೆ, ನಾಕೇ ವರ್ಷದಲ್ಲಿ. 86 ಮೈಕ್ರಾನ್ ಅಲ್ಲಿ ಸಾಲ್ತಾ ಇಲ್ಲ. ಮರಳಿಂದ ಮೇಲೆ ಕೆಳಗೆ ಸೇರಿ ಎರಡು ಅಡಿ ಕಾಂಕ್ರೀಟ್ ಕಾಲರ್ ಹಾಕಿ ಒಂದಿಷ್ಟು, ಟಾರ್ ಸುತ್ತಿದ ಗೋಣಿ ಕಟ್ಟಿ ಒಂದಿಷ್ಟು ಹೂತು ಇಟ್ಟಿದೇವೆ, ಮುಂದಿನ ಡಿಸೆಂಬರಲ್ಲಿ ಅಗೆದು ನೋಡೋದು. ಕುಂದಾಪುರ, ಮಲ್ಪೆ ಕಡೆಯವ್ರು ಯಾರಾದ್ರೂ ಇದಕ್ಕೆ ಏನಾದ್ರೂ ಮಾಡಿದ್ರೆ ಹೇಳಿ, ಅಗೆಯೋ ಮೊದಲೇ ಟೆಂಡರ್ ಷರತ್ತಿಗೆ ಸೇರಿಸ್ಕೊಳ್ತೇನೆ.